ಪಂಡಿತೆಯ ಗರ್ವ

ಯೆರವಡಾ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಎರಡೇ. ಒಂದು ಜೈಲು, ಇನ್ನೊಂದು ಮನೋರುಗ್ಣರ ಆಸ್ಪತ್ರೆ. ಜೈಲಿನ ಕತೆ, ಅದರಲ್ಲೂ ತಿಲಕರದು ಮತ್ತು ಗಾಂಧೀಜಿಯದು, ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಹೇಳಹೊರಟಿದ್ದು ಜೈಲಿನ ಗೋಡೆಯ ಕತೆಯಲ್ಲ, ಪಕ್ಕದ ಹೊಳೆಯದು. ಬಂಡ್ ಗಾರ್ಡನ್ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಕಾಣುವ ಮುಳಾ-ಮುಠಾದ ನೀರು (ಅದನ್ನು ನೀರು ಅನ್ನಬೇಕೋ ಬೇಡವೋ, ಇರಲಿ) ಮೂಡಲಿಗೆ ಹರಿದು ದೌಂಡ ತಾಲೂಕಿನಲ್ಲಿ ಭೀಮೆಯನ್ನು ಸೇರುತ್ತದೆ. ಅದೇ ತಾಲೂಕಿನಲ್ಲಿ ರೈಲು ದಾರಿಯ ಮೇಲೆ ಕೇಡಗಾಂವ ಅನ್ನೋ ಊರಿದೆ. ಭೀಮೆ ಅಲ್ಲಿಂದ ಮುಂದೆ ಸೊಲ್ಲಾಪುರದ ಸೀಮೆ ದಾಟಿ, ನಮ್ಮ ವಿಜಾಪುರ, ಕಲಬುರ್ಗಿ ಜಿಲ್ಲೆಗಳನ್ನು ತೋಯಿಸಿ, ರಾಯಚೂರಿನ ಕಡೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಈ ಲೇಖನದ ನಾಯಕಿ ಹೊಳೆಗೆ ಎದುರಾಗಿ ಬಂದವರು. ರಾಯಚೂರಿನಲ್ಲಿ ತಾಯಿಯನ್ನು ಕಳೆದುಕೊಂಡು, ಇಡೀ ಹಿಂದುಸ್ತಾನ ಸುತ್ತಿ, ಕೊನೆಗೆ ಕೇಡಗಾಂವದಲ್ಲಿ ನೆಲೆ ನಿಂತ ಪಂಡಿತಾ ರಮಾಬಾಯಿ.

ಮರಾಠಿಗರು ಅವರನ್ನು ತಮ್ಮವರೆನ್ನುತ್ತಾರೆ. ತಪ್ಪಿಲ್ಲ. ಆದರೆ ಅವರು ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ, ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು.

ಅವರ ಜೀವನ ಚರಿತ್ರೆಯನ್ನು ಸನ್ ತಾರೀಖು ಹಿಡಿದು ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ಒಂದೇ ಒಂದು ಎಳೆ. ಆಯುಷ್ಯದುದ್ದಕ್ಕೂ ಈ ಹೆಂಗಸಿನ ಮೇಲೆ ಜನ ಹೊರಿಸಿದ ಆಪಾದನೆ ಗರ್ವದ್ದು. ಪುಣೆಯ ಶಾಸ್ತ್ರಿಗಳು ಹೊರಿಸಿದರು, ಇಂಗ್ಲೆಂಡಿನ ಸಂನ್ಯಾಸಿನಿಯರೂ ಹೊರಿಸಿದರು. ತಮಾಷೆ ಅಂದರೆ ರಮಾಬಾಯಿ ಸ್ವತಃ ಆ ಆಪಾದನೆಯನ್ನು ಒಪ್ಪಿಕೊಂಡಿದ್ದಾರೆ. ಆದರೆ ಅವರು ಒಪ್ಪಿಕೊಂಡ ಗರ್ವವೇ ಬೇರೆ.

ಕ್ರೈಸ್ತ ಮತದ ಪಾಪಗಳ ಪಟ್ಟಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಆರನೆಯ ಶತಮಾನದ ಕೊನೆಗೆ ರೋಮಿನ ಪೋಪ್ ಆಗಿದ್ದ ಒಂದನೆಯ ಗ್ರೆಗರಿ ಹಳೆಯ ಮರುಭೂಮಿಯ ತಪಸ್ವಿಗಳ ಪಟ್ಟಿಯನ್ನು ತಿದ್ದಿ ಏಳಕ್ಕೆ ತಂದ. ಮುಂದೆ ಅದು ರೂಢಿಯಲ್ಲಿ ಗರ್ವ, ಲೋಭ, ಕಾಮ, ಅಸೂಯೆ, ಹೊಟ್ಟೆಬಾಕತನ, ಕ್ರೋಧ, ಆಲಸ್ಯ ಅಂತ ನಿಂತಿತು. ನಮ್ಮ ಅರಿಷಡ್ವರ್ಗಕ್ಕೆ ಹತ್ತಿರದ ನೆಂಟ. ಆದರೆ ನಮ್ಮಲ್ಲಿ ಮದ ಅನ್ನುವುದು ಆರರಲ್ಲಿ ಒಂದು, ಅದೂ ಐದನೆಯದು. ಅವರಲ್ಲಿ ಗರ್ವ ಉಳಿದವುಗಳ ಬೇರು. ದೇವದೂತನೊಬ್ಬ ಸೈತಾನನಾದದ್ದು ಕಳವಿನಿಂದಲ್ಲ, ಕಾಮದಿಂದಲ್ಲ, ಗರ್ವದಿಂದ ಅಂತ ಅವರ ನಂಬಿಕೆ. ಲೂಕನ ಸುವಾರ್ತೆಯಲ್ಲಿ ಒಂದು ಸಾಮತಿ ಇದೆ, ಬೇರೆ ಮೂರು ಸುವಾರ್ತೆಗಳಲ್ಲಿ ಇಲ್ಲದ್ದು. ಇಬ್ಬರು ಗುಡಿಗೆ ಹೋಗುತ್ತಾರೆ. ಒಬ್ಬ ಶಾಸ್ತ್ರ ಬಲ್ಲ ನೇಮಸ್ಥ, ತಾನು ಮಾಡಿದ ಉಪವಾಸ ಮತ್ತು ದಾನಗಳ ಲೆಕ್ಕ ಒಪ್ಪಿಸಿ, ತಾನು ಇತರರ ಹಾಗಲ್ಲವಲ್ಲ ಅಂತ ದೇವರಿಗೆ ಉಪಕಾರ ಸ್ಮರಿಸುತ್ತಾನೆ. ಇನ್ನೊಬ್ಬ ಸುಂಕದವನು, ದೂರ ನಿಂತು ಎದೆ ಬಡಿದುಕೊಳ್ಳುತ್ತಾನೆ. ಮನೆಗೆ ನೀತಿವಂತನಾಗಿ ಮರಳಿದವನು ಎರಡನೆಯವನು. ಅಂದರೆ ಉಳಿದ ಪಾಪಗಳು ಕೆಟ್ಟವರನ್ನು ಹಿಡಿಯುತ್ತವೆ, ಇದು ಒಳ್ಳೆಯವರನ್ನು ಹುಡುಕಿಕೊಂಡು ಬರುತ್ತದೆ. ಲೂಕನ ಈ ಪುಸ್ತಕ ಮುಂದೆ ಇನ್ನೊಮ್ಮೆ ಬರಲಿದೆ.

ಅನಂತಶಾಸ್ತ್ರಿಗಳ ಹುಚ್ಚು ಹತ್ತಿದ್ದು ಇದೇ ಪುಣೆಯಲ್ಲಿ. ತರುಣರಾಗಿ ಇಲ್ಲಿ ಓದುತ್ತಿದ್ದಾಗ ಪೇಶ್ವೆಯ ಅರಮನೆಯ ಹೆಣ್ಣುಮಗಳೊಬ್ಬಳು ಸಂಸ್ಕೃತ ಕಲಿಯುವುದನ್ನು ಕಂಡರಂತೆ. ಊರಿಗೆ ಹೋಗಿ ತಮ್ಮ ಹೆಂಡತಿಗೆ ಕಲಿಸಹೊರಟರು. ಮನೆಯವರು ಒಪ್ಪಲಿಲ್ಲ. ಮುಂದೆ ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಹಟ ಹಿಡಿದು ಕಲಿಸಿದರು. ಇದಕ್ಕಾಗಿ ಉಡುಪಿಯ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು, ಶಾಸ್ತ್ರದ ಆಧಾರ ತೋರಿಸಿ ಗೆದ್ದು ಬಂದರು. ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ಪಾಠ ಹೇಳಿದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಸಾಲವಾಯಿತು. ಕಡೆಗೆ ಎಲ್ಲ ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ತೀರ್ಥದಿಂದ ತೀರ್ಥಕ್ಕೆ ಪುರಾಣ ಹೇಳುತ್ತ ಹೊರಟರು. ಆಗ ರಮಾ ಕೈಕೂಸು. ಮಗಳಿಗೆ ಪಾಠ ಹೇಳಿದ್ದು ತಾಯಿ, ಅದೂ ನಸುಕಿನಲ್ಲಿ ಮಡಿಲಲ್ಲಿ ಕೂರಿಸಿಕೊಂಡು. ಹದಿನೈದರ ಹೊತ್ತಿಗೆ ಭಾಗವತದ ಸಾವಿರಾರು ಶ್ಲೋಕ ಬಾಯಿಗೆ ಬರುತ್ತಿದ್ದವು.

ಆಮೇಲೆ ಬಂತು ಬರ. 1874ರ ಸುಮಾರಿಗೆ ದಕ್ಷಿಣದಲ್ಲಿ ತಿರುಗುತ್ತಿದ್ದ ಈ ಕುಟುಂಬದ ಕೈಯಲ್ಲಿದ್ದ ಹಣವೆಲ್ಲ ತೀರಿತು. ಇದ್ದದ್ದನ್ನು ದೇವರಿಗೆ, ದಾನಕ್ಕೆ ಕೊಟ್ಟಾಗಿತ್ತು. ಪಾತ್ರೆ, ಬಟ್ಟೆ ಮಾರಿದರು. ಎಲೆ ತಿಂದರು. ಮೊದಲು ತಂದೆ ಹೋದರು, ಕಾಡಿನಲ್ಲಿ. ಉಳಿದವರು ನಡೆಯುತ್ತ ರಾಯಚೂರಿಗೆ ಬಂದರು. ತಾಯಿಗೆ ಜ್ವರ, ಬಾಯಿಗೆ ಅನ್ನ ಇಲ್ಲ. ಹದಿನಾರರ ರಮಾ ನೆರೆಯ ಬ್ರಾಹ್ಮಣ ಹೆಂಗಸಿನ ಮನೆಗೆ ಒಂದು ತುಂಡು ಸಜ್ಜೆ ರೊಟ್ಟಿ ಬೇಡಲು ಹೋದಳು. ಬಾಗಿಲಲ್ಲಿ ನಿಂತಳು, ಬಾಯಿ ಬರಲಿಲ್ಲ. ಎಷ್ಟೋ ಸಾವಿರ ಶ್ಲೋಕ ಒಪ್ಪಿಸುವ ನಾಲಿಗೆಗೆ ರೊಟ್ಟಿ ಎಂಬ ಒಂದು ಮಾತು ಆಡಲಾಗಲಿಲ್ಲ. ಅಳಬಾರದೆಂದು ಕಣ್ಣು ಬಿಗಿಹಿಡಿದರೆ ನೀರು ಮೂಗು ಬಾಯಿಗಳಿಂದ ಇಳಿಯಿತು ಅಂತ ಅವರೇ ಬರೆದುಕೊಂಡಿದ್ದಾರೆ. ಆ ಪುಣ್ಯಾತ್ಗಿತ್ತಿ ಮುಖ ನೋಡಿ ಅರ್ಥ ಮಾಡಿಕೊಂಡು ತಾನೇ ಕೇಳಿ ರೊಟ್ಟಿ ಕೊಟ್ಟಳು. ಓಡಿ ಬಂದು ತಾಯಿಯ ಮುಂದೆ ಹಿಡಿದರೆ ತಾಯಿಗೆ ಅದನ್ನು ಅಗಿಯುವ ಶಕ್ತಿ ಉಳಿದಿರಲಿಲ್ಲ. ಕೆಲವೇ ದಿನದಲ್ಲಿ ಪ್ರಾಣ ಹೋಯಿತು. ಹೆಣ ಹೊರಲು ಮಂದಿ ಸಿಗಲಿಲ್ಲ. ಕಷ್ಟಪಟ್ಟು ಇಬ್ಬರು ಬ್ರಾಹ್ಮಣರು ಬಂದರು, ಮೂರನೆಯವ ಅಣ್ಣ ಶ್ರೀನಿವಾಸ, ನಾಲ್ಕನೆಯ ಹೆಗಲು ಮಗಳದು. ಗಿಡ್ಡ ಇದ್ದದ್ದರಿಂದ ಅವಳು ಚಟ್ಟದ ಮೂಲೆಯನ್ನು ತಲೆಯ ಮೇಲೆ ಹೊತ್ತಳು. ಅಕ್ಕನೂ ಅದೇ ಬರದಲ್ಲಿ ತೀರಿಕೊಂಡಳು.

ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1907ರಲ್ಲಿ, ರಮಾಬಾಯಿ ತಮ್ಮ ನಂಬಿಕೆಯ ಕತೆಯನ್ನು ಬರೆದರು. ಈ ಸಾವುಗಳ ಬಗ್ಗೆ ಬರೆಯುವಾಗ ಅವರು ದೇವರನ್ನು ದೂರುವುದಿಲ್ಲ, ಮಳೆಯನ್ನೂ ದೂರುವುದಿಲ್ಲ. ಜಾತಿಯ ಹೆಮ್ಮೆ, ವಿದ್ಯೆಯ ಹೆಮ್ಮೆ ನಮ್ಮ ಬೆನ್ನು ಬಾಗಗೊಡಲಿಲ್ಲ, ಯಾವುದಾದರೂ ಕೈಕೆಲಸ ಕಲಿತಿದ್ದರೆ ತಂದೆ ತಾಯಿಯ ಜೀವ ಉಳಿಯುತ್ತಿತ್ತು ಅನ್ನುವ ಅರ್ಥದ ಮಾತು ಅಲ್ಲಿದೆ. ಗರ್ವವನ್ನು ಪಾಪವೆಂದು ಎಷ್ಟೋ ಧರ್ಮಗ್ರಂಥಗಳು ಹೇಳುತ್ತವೆ. ಆದರೆ ಇಂಥ ದಿನ, ಇಂಥ ಊರಲ್ಲಿ, ಇಂಥವರನ್ನು ಅದು ಉಪವಾಸ ಕೆಡವಿ ಕೊಂದಿತು ಅಂತ ತನ್ನ ಮನೆಯ ಲೆಕ್ಕವನ್ನೇ ಬಿಚ್ಚಿಟ್ಟವರನ್ನು ನಾನು ಬೇರೆ ಕಂಡಿಲ್ಲ.

ಅಣ್ಣ ತಂಗಿ ಮತ್ತೆ ನಡೆದರು. ಕಾಶ್ಮೀರದಿಂದ ಬಂಗಾಲದವರೆಗೆ ಸಾವಿರಾರು ಮೈಲಿ. 1878ರಲ್ಲಿ ಕಲಕತ್ತೆ ಮುಟ್ಟಿದಾಗ ಅಲ್ಲಿಯ ವಿದ್ವಾಂಸರು ಈ ಇಪ್ಪತ್ತರ ಹುಡುಗಿಯನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ, ಸರಸ್ವತೀ ಅನ್ನೋ ಬಿರುದು ಕೊಟ್ಟರು. ಎರಡು ವರ್ಷಕ್ಕೆ ಅಣ್ಣ ತೀರಿಕೊಂಡ. ಅದೇ 1880ರಲ್ಲಿ ಬಿಪಿನ್ ಬಿಹಾರಿ ದಾಸ್ ಎಂಬ, ಬ್ರಾಹ್ಮಣರಲ್ಲದ ವಕೀಲರನ್ನು ರಿಜಿಸ್ಟರ್ ಪದ್ಧತಿಯಂತೆ ಮದುವೆಯಾದರು. ಅಸ್ಸಾಮಿನ ಸಿಲ್ಚರದ ಆ ಮನೆಯ ಪುಸ್ತಕಗಳ ನಡುವೆ ಸಿಕ್ಕಿದ್ದು ಬಂಗಾಲಿಯಲ್ಲಿದ್ದ ಲೂಕನ ಸುವಾರ್ತೆ. ಅದೇ, ಸುಂಕದವನ ಸಾಮತಿ ಇರುವ ಪುಸ್ತಕ. ಎರಡೂ ವರ್ಷ ತುಂಬಲಿಲ್ಲ, 1882ರ ಫೆಬ್ರುವರಿಯಲ್ಲಿ ಗಂಡ ಕಾಲರಾದಲ್ಲಿ ಹೋದರು. ಕೈಯಲ್ಲಿ ಒಂದು ವರ್ಷವೂ ತುಂಬದ ಮಗಳು ಮನೋರಮಾ.

ಹೀಗೆ ಅವರು ಪುಣೆಗೆ ಬಂದರು. ರಾನಡೆಯವರ ಗುಂಪು ಬರಮಾಡಿಕೊಂಡಿತು. ಆರ್ಯ ಮಹಿಳಾ ಸಮಾಜ ಕಟ್ಟಿದರು, ಸ್ತ್ರೀಧರ್ಮನೀತಿ ಬರೆದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ನುಡಿದು ಹೆಂಗಸರಿಗೆ ಹೆಂಗಸರೇ ಡಾಕ್ಟರು ಬೇಕೆಂದರು. ಮರುವರ್ಷ ತಾವೇ ವೈದ್ಯ ಕಲಿಯಲು ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತ ಬಂದದ್ದರಿಂದ ವೈದ್ಯ ಕೈಗೆ ಹತ್ತಲಿಲ್ಲ. ವಾಂಟೇಜ್ ಎಂಬ ಊರಿನ ಸಂತ ಮೇರಿ ಸಂಘದ ಆಂಗ್ಲಿಕನ್ ಸಂನ್ಯಾಸಿನಿಯರ ಮಠದಲ್ಲಿ ಇಳಿದಿದ್ದರು. ಬೀದಿಗೆ ಬಿದ್ದ ಹೆಣ್ಣುಮಕ್ಕಳನ್ನು ಅವರು ಸಾಕುವ ಆಶ್ರಮ ನೋಡಿದ್ದು ಮನಸ್ಸು ತಿರುಗಿಸಿತು. ನಮ್ಮ ಶಾಸ್ತ್ರದಲ್ಲಿ ಇಂಥವರಿಗೆ ಶಿಕ್ಷೆಯುಂಟು, ಮರಳಿ ಬರುವ ದಾರಿ ಕಾಣೆ ಅನ್ನಿಸಿತು. 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ. ಪುಣೆಯಲ್ಲಿ ಗದ್ದಲವೋ ಗದ್ದಲ. ಬೆಂಬಲಕ್ಕೆ ನಿಂತವರಲ್ಲಿ ಜೋತಿಬಾ ಫುಲೆ ಒಬ್ಬರು, 1885ರ ತಮ್ಮ ಸತ್ಸಾರದಲ್ಲಿ.

ನಿಜವಾದ ಗಮ್ಮತ್ತು ಇರುವುದು ಮುಂದಿನ ಎರಡು ಮೂರು ವರ್ಷದ ಕಾಗದಗಳಲ್ಲಿ. ಮಠದ ಸಿಸ್ಟರ್ ಜೆರಾಲ್ಡಿನ್ ಅವರ ಧರ್ಮಮಾತೆ. ಆಕೆ ಈ ಪತ್ರಗಳನ್ನೆಲ್ಲ ಜೋಪಾನವಾಗಿ ಕೂಡಿಟ್ಟರು, 1977ರಲ್ಲಿ ಅವು ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಮುಂಬಯಿಯಲ್ಲಿ ಅಚ್ಚಾದವು. ನಮ್ಮ ಕೂಟದ ಗೆಳೆಯರು ಸಿಕ್ಕರೆ ತಪ್ಪದೆ ಓದಬೇಕು. ಇಂಗ್ಲೆಂಡಿನ ಧರ್ಮಗುರುಗಳಿಗೆ ಬೇಕಾಗಿದ್ದದ್ದು ತಲೆ ಬಾಗಿಸಿದ ಒಬ್ಬ ಮತಾಂತರಿತೆ. ಸಿಕ್ಕಿದ್ದು ಅನಂತಶಾಸ್ತ್ರಿಯ ಮಗಳು, ಉಡುಪಿಯ ಸಭೆಗೆ ಜವಾಬು ಕೊಟ್ಟವನ ರಕ್ತ! ತ್ರಿಮೂರ್ತಿ ದೇವರ ತತ್ತ್ವ ಬೈಬಲಿನಲ್ಲಿ ಎಲ್ಲಿದೆ ತೋರಿಸಿರಿ ಅಂದರು. ಅವರಲ್ಲಿ ಇಷ್ಟೊಂದು ಪಂಗಡ ಯಾಕೆ ಅಂದರು. ಚೆಲ್ಟನ್‌ಹ್ಯಾಮಿನ ಕಾಲೇಜಿನಲ್ಲಿ ಇಂಗ್ಲಿಷ್ ಗಂಡಸರಿಗೂ ಸಂಸ್ಕೃತ ಹೇಳಿಕೊಡುವ ಮಾತು ಬಂದಾಗ ಹಿಂದುಸ್ತಾನದ ಇಬ್ಬರು ಬಿಷಪ್ಪರು, ಇದರಿಂದ ಆಕೆಯ ಹೆಸರಿಗೆ ಧಕ್ಕೆ ಅಂತ ತಡೆದರು. ರಮಾಬಾಯಿ ಕೆಂಡವಾದರು. ಊರೂರು ಗಂಡಸರ ಸಭೆಯಲ್ಲಿ ಮಾತಾಡಿ ಬಂದವರಿಗೆ ಈ ಪಾಠ! ಸಿಸ್ಟರರು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹವಿತ್ತು. ನನಗೆ ಅದು ತಿಳಿಯದು, ನನ್ನ ಜನರಿಗೂ ತಿಳಿಯದು, ಸಂಸ್ಕೃತದಲ್ಲಿ ಯಾಕಿರಬಾರದು, ನಮ್ಮ ಸಂಸ್ಕೃತಕ್ಕಿಂತ ಲ್ಯಾಟಿನ್ನಿನಲ್ಲಿ ಏನು ಹೆಚ್ಚಿದೆ ಅಂತ ಕೇಳಿದರು. ತತ್ತಿ ಹಾಕಿದ ಪುಡಿಂಗ್ ಮುಟ್ಟಲಿಲ್ಲ. ಮಾಂಸ ಬಿಡಲಿ, ತತ್ತಿಯೂ ಒಲ್ಲೆನೆಂದರೆ ಅದು ಇನ್ನೂ ಸಾಯದ ಜಾತಿಯ ಹಮ್ಮು ಅಂತ ಸಿಸ್ಟರರ ತೀರ್ಪು. ಒಟ್ಟಿನಲ್ಲಿ ಹಟಮಾರಿ, ವಿನಯವಿಲ್ಲ, ಗರ್ವಿಷ್ಠೆ.

ಸಿಸ್ಟರ್ ಜೆರಾಲ್ಡಿನ್ ಕೆಟ್ಟವರಲ್ಲ, ಮನೋರಮೆಯನ್ನು ತಾಯಿಯ ಹಾಗೆ ನೋಡಿಕೊಂಡವರು. ಅವರ ಮತದಲ್ಲಿ ಗರ್ವ ಪಾಪಗಳ ಬೇರು, ವಿಧೇಯತೆ ಅದಕ್ಕೆ ಔಷಧ. ಸಂನ್ಯಾಸಿನಿ ತನ್ನ ಮೇಲೆ ತಾನು ಪ್ರಯೋಗಿಸಿಕೊಂಡ ಔಷಧವನ್ನೇ ಮಗಳಿಗೂ ಕುಡಿಸಹೋದಳು. ಆದರೆ ಕುಡಿಸುವ ಕೈ ಆಳುವವರದ್ದು, ಕುಡಿಯುವ ಬಾಯಿ ಆಳಿಸಿಕೊಳ್ಳುವವರದ್ದು. ಅಲ್ಲಿ ವಿನಯದ ಉಪದೇಶಕ್ಕೆ ಬೇರೆಯೇ ವಾಸನೆ ಬರುತ್ತದೆ. ರಮಾಬಾಯಿಯ ಮೂಗಿಗೆ ಅದು ತಕ್ಷಣ ಹತ್ತಿತು. ಒಂದು ಪುರೋಹಿತ ಕುಲದ ನೊಗದಿಂದ ಕಷ್ಟಪಟ್ಟು ಕತ್ತು ಬಿಡಿಸಿಕೊಂಡು ಬಂದಿದ್ದೇನೆ, ಈಗ ಇನ್ನೊಂದು ನೊಗಕ್ಕೆ ಕೊಡಲಾರೆ, ದೇವರ ಮಾತಿಗೆ ತಲೆಬಾಗುತ್ತೇನೆ, ಪಾದ್ರಿಯ ಮಾತಿಗಲ್ಲ ಅನ್ನುವ ತಾತ್ಪರ್ಯದಲ್ಲಿ ಉತ್ತರ ಬರೆದರು. ಇದು ಗರ್ವವೋ? ನನ್ನ ಮಟ್ಟಿಗೆ ಅಲ್ಲ. ಆದರೆ ಓದುತ್ತ ಹೋದಂತೆ ಅಲ್ಲಲ್ಲಿ ಪಂಡಿತೆಯ ವಾದದ ಚಪಲ, ಗೆಲ್ಲಲೇಬೇಕೆಂಬ ಹುಮ್ಮಸ್ಸು ಕಾಣುವುದೂ ಸುಳ್ಳಲ್ಲ.

ಅಮೆರಿಕದ ಎರಡೂವರೆ ವರ್ಷ ನಾನು ಬೇಗ ದಾಟುತ್ತೇನೆ. 1886ರ ಮಾರ್ಚಿನಲ್ಲಿ ಆನಂದಿಬಾಯಿ ಜೋಶಿ ಡಾಕ್ಟರಾಗುವುದನ್ನು ನೋಡಲು ಹೋದವರು ಉಚ್ಚಜಾತಿಯ ಹಿಂದೂ ಸ್ತ್ರೀಯ ಬಗ್ಗೆ ಇಂಗ್ಲಿಷ್ ಪುಸ್ತಕ ಬರೆದು, ಊರೂರು ಭಾಷಣ ಮಾಡಿ, ವಿಧವೆಯರ ಶಾಲೆಗೆ ಹಣ ಕೂಡಿಸಿ ಮರಳಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು, ಮರುವರ್ಷ ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದ ವಿಧವೆ. ಸದನದಲ್ಲಿ ಧರ್ಮ ಬೋಧಿಸುವುದಿಲ್ಲ ಅನ್ನೋದು ಒಪ್ಪಂದ. ಆದರೆ ತೆರೆದ ಬಾಗಿಲಿನ ಕೋಣೆಯಲ್ಲಿ ರಮಾಬಾಯಿ ಪ್ರಾರ್ಥನೆ ಮಾಡುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. ಕೇಸರಿ ಗುಡುಗಿತು. 1893ರಲ್ಲಿ ರಾನಡೆ, ಭಾಂಡಾರಕರರೂ ಸಲಹಾ ಮಂಡಳಿಯಿಂದ ಹೊರಬಿದ್ದರು, ಪಾಲಕರು ಮಕ್ಕಳನ್ನು ಕರೆದೊಯ್ದರು. ಇಲ್ಲಿ ಪುಣೆಯವರ ಸಿಟ್ಟಿಗೂ ಅರ್ಥವಿತ್ತು ಅಂತ ನಾನು ಒಪ್ಪುತ್ತೇನೆ. ನಿಷ್ಪಕ್ಷ ಅಂತ ಹೇಳಿ ನಡೆಸಿದ ಸಂಸ್ಥೆಯ ಬಾಗಿಲು ಅಷ್ಟು ತೆರೆದಿಡಬಾರದಿತ್ತೇನೋ.

ಆ ಹೊತ್ತಿಗೆ ಅವರೊಳಗೆ ಇನ್ನೊಂದು ನಡೆದಿತ್ತು. 1891ರ ಸುಮಾರಿಗೆ ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕತೆ ಓದಿ ಬೆಚ್ಚಿದರು. ವರ್ಷಾನುಗಟ್ಟಲೆ ಪ್ರವಚನ ಮಾಡಿದ ಮೇಲೆ, ತಾನಿನ್ನೂ ಒಳಗಿನಿಂದ ಬದಲಾಗಿಲ್ಲ ಅಂತ ಆತನಿಗೆ ಗೊತ್ತಾಗುತ್ತದೆ. ರಮಾಬಾಯಿಗೆ ತಮ್ಮದೂ ಅದೇ ಪಾಡು ಅನ್ನಿಸಿತು. ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲ. ವಾದ ಮಾಡಿ ಗೆದ್ದದ್ದು ಬುದ್ಧಿ, ಶರಣಾಗಿದ್ದು ಇನ್ನೂ ಏನೂ ಇಲ್ಲ. ಕೆಲವು ವರ್ಷದ ಹಿಂದೆ ಸಿಸ್ಟರ್ ಹೇಳಿದಾಗ ಕೇಳದ ಮಾತು ಈಗ ಒಳಗಿನಿಂದ ಕೇಳಿಸಿತು. ಹಾಗಂತ ಬಿಷಪ್ಪರ ಕಡೆಗೆ ಮರಳಿ ಹೋದರೇನು? ಇಲ್ಲ. ಯಾವ ಪಂಗಡದ ಹಂಗಿಗೂ ಬೀಳಲಿಲ್ಲ.

1896-97ರ ಬರ ಬಂತು. ಮಧ್ಯಪ್ರಾಂತದಲ್ಲಿ ಹೆಣ್ಣುಮಕ್ಕಳು ರಸ್ತೆಯಲ್ಲಿ ಬಿದ್ದಿದ್ದಾರೆ ಅಂತ ಸುದ್ದಿ ಬಂದಾಗ ರಮಾಬಾಯಿಗೆ ರಾಯಚೂರಿನ ದಿನ ಕಣ್ಣಿಗೆ ಕಟ್ಟಿತು. ಹೋಗಿ ಸುಮಾರು ಮುನ್ನೂರು ಮಂದಿಯನ್ನು ಕರೆತಂದರು. ಉಚ್ಚಜಾತಿಯ ವಿಧವೆಯರಿಗೆಂದು ಬ್ರಾಹ್ಮಣ ಅಡಿಗೆ, ಬ್ರಾಹ್ಮಣ ನೇಮ ನಡೆಸಿದ್ದ ಸದನ ಅದು. ಈಗ ಬಂದವರಿಗೆ ಯಾವ ಜಾತಿ ಅಂತ ಕೇಳಲಿಕ್ಕೂ ವೇಳೆ ಇಲ್ಲ, ಹೇನು ತೆಗೆದು ಹುಣ್ಣು ತೊಳೆಯಬೇಕಿತ್ತು. ಪುಣೆಯಲ್ಲಿ ಪ್ಲೇಗು, ಇಷ್ಟು ಮಂದಿಯನ್ನು ಊರೊಳಗೆ ಬಿಡುವಂತಿಲ್ಲ. ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ನೂರು ಎಕರೆಯಷ್ಟು ಹೊಲಕ್ಕೆ ಡೇರೆ ಹೊತ್ತು ನಡೆದರು. ಅದೇ ಮುಕ್ತಿ ಸದನ.

ಪ್ಲೇಗಿನ ದಂಡಾವರ್ತಿಯ ವಿರುದ್ಧ ಕೇಸರಿ ಬರೆದದ್ದು ನಮಗೆ ಗೊತ್ತು. ಅದೇ 1897ರಲ್ಲಿ ತಮ್ಮ ಹುಡುಗಿಯೊಬ್ಬಳಿಗೆ ಪ್ಲೇಗಿನ ಆಸ್ಪತ್ರೆಯಲ್ಲಿ ಆದ ಗತಿಯ ಬಗ್ಗೆ ರಮಾಬಾಯಿ ಮುಂಬಯಿಯ ಪತ್ರಿಕೆಗೆ ಬರೆದರು, ಗವರ್ನರು ಅಲ್ಲಗಳೆದರು, ಸುದ್ದಿ ವಿಲಾಯತಿಯ ಪಾರ್ಲಿಮೆಂಟಿನವರೆಗೆ ಹೋಯಿತು. ಇದು ಬಹಳ ಜನರಿಗೆ ಗೊತ್ತಿಲ್ಲ. ತಿಲಕರಿಗೆ ರಾಜದ್ರೋಹದ ಶಿಕ್ಷೆಯಾಗಿ, ಅವಧಿಯ ಕೊನೆಯ ಭಾಗವನ್ನು ನಮ್ಮ ಈ ಯೆರವಡಾ ಜೈಲಿನಲ್ಲಿ ಕಳೆದರು. ಮ್ಯಾಕ್ಸ್ ಮುಲ್ಲರ್ ಅವರ ಬಿಡುಗಡೆಗೆ ಅರ್ಜಿ ಹಾಕಿದರು. ಅದೇ ಮುಲ್ಲರ್ ಇಂಗ್ಲೆಂಡಿನಲ್ಲಿ ರಮಾಬಾಯಿಯನ್ನು ಮನೆಗೆ ಕರೆದು ಆದರಿಸಿದವರು. 1898ರ ಸೆಪ್ಟೆಂಬರಿನಲ್ಲಿ ತಿಲಕರು ಬಿಡುಗಡೆಯಾದರು, ಅದೇ ತಿಂಗಳು ಕೇಡಗಾಂವದಲ್ಲಿ ಮುಕ್ತಿಯ ಕಟ್ಟಡಗಳ ಸಮರ್ಪಣೆ. ಒಂದೇ ನದಿಯ ಮೇಲಿನ ದಂಡೆಯಲ್ಲಿ ಒಬ್ಬರು, ಕೆಳಗಿನ ದಂಡೆಯಲ್ಲಿ ಒಬ್ಬರು. ಭೇಟಿಯಾಗಿ ಜಗಳ ಬಗೆಹರಿಸಿಕೊಳ್ಳಲಿಲ್ಲ.

1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು 2000 ಜನ. ಅಲ್ಲಿ ಏನೇನಿತ್ತು ಅನ್ನೋದನ್ನು ನೋಡಬೇಕು. ಹೊಲ, ಬಾವಿ, ಹೈನು, ಗಾಣ, ಮಗ್ಗ, ಹೊಲಿಗೆ, ಬಟ್ಟೆ ಒಗೆಯುವುದು, ಅಡಿಗೆ, ಛಾಪಖಾನೆ. ಕುರುಡಿಯರಿಗೆ ಬ್ರೈಲ್. ಅಕ್ಷರ ಕಲಿತವಳೂ ಕೈಕೆಲಸ ಕಲಿಯಬೇಕು. ರಾಯಚೂರಿನ ಬಾಗಿಲಲ್ಲಿ ನಾಲಿಗೆ ಕಟ್ಟಿಹೋದ ಹುಡುಗಿ ಕೊಟ್ಟುಕೊಂಡ ಉತ್ತರ ಇದು ಅಂತ ನನಗನ್ನಿಸುತ್ತದೆ. ಯಾವ ಹೆಣ್ಣೂ ವಿದ್ಯೆ ತುಂಬಿದ ತಲೆ, ಬರಿಗೈ ಹೊತ್ತು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬಾರದು. 1905ರ ಜೂನ್ ತಿಂಗಳಲ್ಲಿ ಅಲ್ಲಿ ನಡೆದ ಪ್ರಾರ್ಥನಾ ಸಭೆಗಳಲ್ಲಿ ನೂರಾರು ಹುಡುಗಿಯರು ಅತ್ತು ತಮ್ಮ ಪಾಪ ಒಪ್ಪಿಕೊಂಡ ವಿಷಯ ಮಿಶನ್ ಬರಹಗಳಲ್ಲಿ ತುಂಬ ಬರುತ್ತದೆ. ಆ ಆವೇಶದ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಗಾಣ, ಮಗ್ಗಗಳೇ ಹೆಚ್ಚು ಮಾತಾಡುತ್ತವೆ.

1912ರಲ್ಲಿ ಕಲಬುರ್ಗಿಯಲ್ಲಿ, ಆಗಿನ ನಿಜಾಮರ ಸೀಮೆಯಲ್ಲಿ, ಒಂದು ಹೈಸ್ಕೂಲು ತೆರೆದು ಮನೋರಮೆಯನ್ನು ಮುಖ್ಯಸ್ಥೆ ಮಾಡಿದರು. ಕನ್ನಡ ನಾಡಿಗೆ ಅವರ ಮನಸ್ಸು ಮರಳಿದ್ದು ಹೀಗೆ.

ಕೊನೆಯ ಹದಿನೈದು ಹದಿನೆಂಟು ವರ್ಷ ಅವರು ಮಾಡಿದ್ದು ಬೈಬಲ್ಲಿನ ಮರಾಠಿ ಅನುವಾದ. ಆಗಿದ್ದ ಅನುವಾದ ಸಂಸ್ಕೃತದಿಂದ ತುಂಬಿ ಪಂಡಿತರ ಮರಾಠಿಯಾಗಿತ್ತು, ಮುಕ್ತಿಯ ಹೆಂಗಸರಿಗೆ ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ. ನಡುವಯಸ್ಸು ದಾಟಿ, ಕಿವಿ ಪೂರ್ತಿ ಕೇಳದಾಗುತ್ತ, ಹೀಬ್ರೂ ಮತ್ತು ಗ್ರೀಕ್ ಕಲಿಯಲು ಕೂತರು. ಸುಲಭ ಮರಾಠಿ ಬರೆಯಲು ಅವರಿಗೆ ಹೀಬ್ರೂಗಿಂತ ಕಷ್ಟವಾದದ್ದು ಸಂಸ್ಕೃತವನ್ನು ಬಿಡುವುದೇ ಇರಬೇಕು. ಶಿಲುಬೆಯ ಮೇಲೆ ಸಂಸ್ಕೃತವೇ ಬೇಕೆಂದು ಮಠದೊಡನೆ ಕಾದಾಡಿದವರು, ಕಲಕತ್ತೆಯಲ್ಲಿ ಅದರಿಂದಲೇ ಸರಸ್ವತಿ ಅನ್ನಿಸಿಕೊಂಡವರು, ಈಗ ತಮ್ಮ ಹಾಳೆಯಿಂದ ಒಂದೊಂದೇ ಸಂಸ್ಕೃತ ಶಬ್ದ ಹೊಡೆದುಹಾಕಿ, ಬರದಲ್ಲಿ ಹೆಕ್ಕಿ ತಂದ ಹೆಂಗಸಿಗೆ ತಿಳಿಯುವ ಮಾತು ಹುಡುಕುತ್ತಿದ್ದರು. ಅಕ್ಷರದ ಮೊಳೆ ಜೋಡಿಸುತ್ತಿದ್ದವರೂ ಅದೇ ಹೆಂಗಸರು. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡಳು. ತಾಯಿ ಕೆಲಸ ನಿಲ್ಲಿಸಲಿಲ್ಲ. ಅನುವಾದ ಮುಗಿಯಿತು. 1922ರ ಏಪ್ರಿಲ್ 5ರ ಬೆಳಗಾಗುವ ಮೊದಲೇ ನಿದ್ದೆಯಲ್ಲಿ ಅವರು ಹೋದರು. ಪೂರ್ತಿ ಬೈಬಲ್ 1924ರಲ್ಲಿ ಹೊರಬಂತು, ಕೇಡಗಾಂವದ ಛಾಪಖಾನೆಯಿಂದ, ಆ ಹೆಂಗಸರ ಕೈಯಿಂದ.